ಮೂರು ಮೊಹರಿನ ಹಾವು

ನಮ್ಮ ಮನೆಯಲ್ಲಿ ಏನನ್ನೂ ಬಾಯಿಮಾತಿನಲ್ಲಿ ಕೇಳುವ ಹಾಗಿರಲಿಲ್ಲ, ಬರೆದು ಕೊಡಬೇಕಿತ್ತು. ಇದು ಅಪ್ಪ ನಗೋಯಾದ ತಮ್ಮ ಆಫೀಸಿನಿಂದ ಹೊತ್ತು ತಂದ ಪದ್ಧತಿ. ಕಾರುಗಳ ಒಳಗೆ ಕೂರುವ ಸಾಫ್ಟ್‌ವೇರ್ ಬರೆಯುವುದು ಅವರ ಕೆಲಸ; ಬೆಂಗಳೂರಿನ ಕಂಪನಿ ಅವರನ್ನು ಅಲ್ಲಿಗೆ ಕಳಿಸಿದಾಗ ನನಗೆ ಹತ್ತು ವರ್ಷ. ಅಲ್ಲಿನ ಕಚೇರಿಗಳಲ್ಲಿ ಒಂದು ಕುರ್ಚಿ ಬದಲಾಗಬೇಕಾದರೂ ರಿಂಗಿ ಎಂಬ ಕಾಗದ ತಯಾರಾಗುತ್ತದೆ. ಏನು ಬೇಕು, ಯಾಕೆ ಬೇಕು, ಬೇರೆ ಯಾವುದನ್ನೆಲ್ಲ ನೋಡಿದಿರಿ, ಕೊನೆಗೆ ಇದನ್ನೇ ಯಾಕೆ ಆರಿಸಿದಿರಿ ಎಂದು ಬರೆದ ಆ ಕಾಗದ ಮೇಜಿನಿಂದ ಮೇಜಿಗೆ ಹೋಗುತ್ತದೆ, ಒಬ್ಬೊಬ್ಬರೂ ತಮ್ಮ ಚೌಕದಲ್ಲಿ ಹೆಸರಿನ ಕೆಂಪು ಮೊಹರು ಒತ್ತುತ್ತಾರೆ, ಎಲ್ಲ ಚೌಕಗಳೂ ತುಂಬಿದ ಮೇಲೆ ಕುರ್ಚಿ ಬರುತ್ತದೆ. ಅಪ್ಪನಿಗೆ ಇದು ಎಷ್ಟು ಹಿಡಿಸಿತೆಂದರೆ ಒಂದು ಭಾನುವಾರ ಮನೆಗೂ ಫಾರಂ ಮಾಡಿಬಿಟ್ಟರು. ಕೆಳಗೆ ಮೂರು ಚೌಕ: ಕೇಳುವವರದು ಒಂದು, ಉಳಿದಿಬ್ಬರದು ಎರಡು. ನನಗೂ 'ಅನು' ಎಂದು ಜಪಾನೀ ಅಕ್ಷರದಲ್ಲಿ ಕೆತ್ತಿಸಿದ ಪುಟ್ಟ ಮೊಹರು ಬಂತು. ಅಮ್ಮ ಈ ಆಟದಲ್ಲಿ ತಾನೇ ಫಾರಂ ತುಂಬಿದ್ದು ಒಂದೇ ಸಲ, ರೈಸ್ ಕುಕ್ಕರ್‌ಗಾಗಿ. 'ಹಳೆಯದು ಕೆಟ್ಟಿದೆ. ಹೊಸದು ತರದಿದ್ದರೆ ಅನ್ನ ನೀವೇ ಮಾಡಿ' ಎಂದು ಕನ್ನಡದಲ್ಲಿ ಒಂದೇ ಸಾಲು ಬರೆದಳು. ಅಪ್ಪನ ಮೊಹರು ಅದೇ ಸಂಜೆ ಬಿತ್ತು. ನನಗೆ ಮಾತ್ರ ಅದು ಆಟವಾಗಿರಲಿಲ್ಲ. ನನ್ನ ಓರಗೆಯ ಮಕ್ಕಳೆಲ್ಲ ಅಪ್ಪ ಅಮ್ಮನ ಹತ್ತಿರ ಅತ್ತು ಕರೆದು ಕೆಲಸ ಸಾಧಿಸುತ್ತಿದ್ದಾಗ, ನನ್ನ ಮಾತಿಗೂ ಒಂದು ಚೌಕವಿದೆ ಎನ್ನುವ ಜಂಬ ನನಗಿತ್ತು.

ಮನೆ ಎಂದರೆ ಕಂಪನಿ ಕೊಟ್ಟ ನಾಲ್ಕನೇ ಮಹಡಿಯ ಫ್ಲಾಟು. ಎರಡು ಕೋಣೆ, ಒಂದು ಅಡುಗೆಮನೆ, ಒಬ್ಬರು ನಿಂತರೆ ಇನ್ನೊಬ್ಬರು ಬಟ್ಟೆ ಒಣಹಾಕಲಾಗದಂಥ ಬಾಲ್ಕನಿ. ದೇವರ ಗೂಡು ಫ್ರಿಜ್ಜಿನ ಎದುರಿನ ಗೋಡೆಯಲ್ಲಿತ್ತು. ಊದುಬತ್ತಿ ಹಚ್ಚಿದರೆ ಚಾವಣಿಯ ಹೊಗೆ ಗಂಟೆ ಎಲ್ಲಿ ಕೂಗಿಕೊಳ್ಳುತ್ತದೋ ಎಂದು ಅಮ್ಮ ಎರಡು ನಿಮಿಷ ಉರಿಸಿ ನೀರಿಗೆ ಅದ್ದುತ್ತಿದ್ದಳು. ನನ್ನದು ಚಾಪೆ ಹಾಸಿನ ಕೋಣೆ. ಅದರಲ್ಲಿ ಹಾಸಿಗೆ ಮಡಿಸಿಡಲು ಎರಡು ಅಂತಸ್ತಿನ ಆಳವಾದ ಗೋಡೆಬೀರು ಇತ್ತು, ಎಳೆದು ಮುಚ್ಚುವ ಕಾಗದದ ಬಾಗಿಲಿನದು. ಅದರ ಕೆಳ ಅಂತಸ್ತನ್ನು ಹಾವಿಗೆ ಬಿಟ್ಟುಕೊಡಬೇಕು ಎಂದು ನಾನು ತೀರ್ಮಾನಿಸಿದ್ದು ಹದಿನಾಲ್ಕನೇ ವಯಸ್ಸಿನಲ್ಲಿ, ಅಲ್ಲಿನ ಲೆಕ್ಕದಲ್ಲಿ ಮಿಡಲ್ ಸ್ಕೂಲಿನ ಎರಡನೇ ವರ್ಷ.

ಹಾವೇ ಯಾಕೆ ಎಂದು ಎಲ್ಲರೂ ಕೇಳಿದರು, ಈಗಲೂ ಕೇಳುತ್ತಾರೆ. ಆ ವರ್ಷದ ವಸಂತದಲ್ಲಿ ಶಾಲೆಯ ಹಿಂದಿನ ಕಾಲುವೆ ಬದಿಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಒಂದು ಕೇರೆಯಂಥ ಹಾವನ್ನು ಹಿಡಿದು, ಯಾರಿಗೆ ಬೇಕು ಎಂದರು. ಹುಡುಗಿಯರೆಲ್ಲ ಹಿಂದೆ ಸರಿದರು. ನಾನು ಸರಿಯುವಷ್ಟರಲ್ಲಿ ಅದು ನನ್ನ ತೋಳಿನ ಮೇಲಿತ್ತು. ತಣ್ಣಗೆ, ಒಣಗಿದ ಹಾಗೆ, ಮೊಣಕೈ ಸುತ್ತಿ ಅಂಗಿಯ ತೋಳೊಳಗೆ ತಲೆ ಹಾಕಿ ಅಲ್ಲೇ ನಿಂತಿತು. ಆ ಊರಿನಲ್ಲಿ ನಾಲ್ಕು ವರ್ಷಗಳಿಂದ ಜನ ನನ್ನನ್ನು ಏನಾದರೂ ಕೇಳುತ್ತಲೇ ಇದ್ದರು. ಎಲ್ಲಿಯವಳು, ದಿನಾ ಕರಿ ತಿನ್ನುತ್ತೀಯಾ, ಅಮ್ಮನ ಹಣೆಯಲ್ಲಿರುವುದು ಏನು, ಯಾವಾಗ ವಾಪಸು ಹೋಗುತ್ತೀಯ. ಹಾವು ನನ್ನನ್ನು ಏನೂ ಕೇಳಲಿಲ್ಲ. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಹುಡುಕಿ ಹೇಳಬಹುದು, ಆದರೆ ಅದು ಸುಳ್ಳಾಗುತ್ತದೆ.

ಅವತ್ತು ಸಂಜೆ ಊಟಕ್ಕೆ ಕೂತಾಗ ವಿಷಯ ಎತ್ತಿದೆ. ಡೈಕನ್ ಮೂಲಂಗಿಯ ಹುಳಿ ಬಡಿಸುತ್ತಿದ್ದ ಅಮ್ಮನ ಸೌಟು ಪಾತ್ರೆಯಲ್ಲೇ ನಿಂತಿತು.

"ದೀಪ ಹಚ್ಚಿದ್ಮೇಲೆ ಆ ಹೆಸರು ಎತ್ಬೇಡ. ಹುಳ ಅನ್ನು."

"ಸರಿ, ಹುಳ. ನಂಗೊಂದು ಹುಳ ಬೇಕು."

ಅಮ್ಮ ಅಪ್ಪನ ಮುಖ ನೋಡಿದಳು, ಅಪ್ಪ ಅಮ್ಮನ ಮುಖ ನೋಡಿದರು. ಆ ನೋಟ ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಆಮೇಲೆ ಅದನ್ನು ಎಷ್ಟೋ ಸಲ ಮನಸ್ಸಿನಲ್ಲಿ ತಿರುಗಿಸಿ ನೋಡಿದ್ದೇನೆ. ಮಗಳಿಗೆ ಹುಚ್ಚು ಹಿಡಿಯಿತೇ ಎಂದು ಇಬ್ಬರೂ ನೋಡಿಕೊಂಡರು ಎಂದು ಅವತ್ತು ಅಂದುಕೊಂಡೆ. ಅಪ್ಪ ಮಜ್ಜಿಗೆ ಕಲಸಿಕೊಳ್ಳುತ್ತ ಸಮಾಧಾನವಾಗಿ ಹೇಳಿದರು:

"ಆಸೆ ಎಲ್ಲಾರ್ಗೂ ಇರತ್ತೆ. ಪೇಪರ್ ಮೇಲೆ ಬರಲಿ, ನೋಡೋಣ."

ನಾನು ಬರೆದೆ. ಮೊದಲ ರಿಂಗಿಯಲ್ಲಿ ಬಾಲ್ ಪೈಥಾನ್ ಬೇಕೆಂದು ಕೇಳಿದ್ದೆ. ಗಾಬರಿಯಾದರೆ ಚೆಂಡಿನ ಹಾಗೆ ಮುದುರಿಕೊಳ್ಳುವ, ಕಚ್ಚುವುದೇ ಗೊತ್ತಿಲ್ಲದಂಥ ದಪ್ಪ ಹಾವು ಅದು. ಹೊಸಬರಿಗೆ ಒಳ್ಳೆಯದು ಎಂದು ಎಲ್ಲ ಪುಸ್ತಕಗಳಲ್ಲೂ ಇತ್ತು. ಅಪ್ಪ ಕೆಂಪು ಪೆನ್ನಿನಲ್ಲಿ ಅಂಚಿನಲ್ಲಿ ಬರೆದರು, 'ಇದು ತಿಂಗಳುಗಟ್ಟಲೆ ಊಟ ಬಿಡುತ್ತದಂತೆ. ಆಗ ಏನು ಮಾಡುತ್ತೀ? ಬರೆದಿಲ್ಲ.' ಎರಡನೆಯದರಲ್ಲಿ ಮೂತಿ ಮೇಲೆ ಮಾಡಿಕೊಂಡು ನೋಡುವ ಹಾಗ್‌ನೋಸ್ ಕೇಳಿದೆ. ನೋಡಲು ಅದರಷ್ಟು ಮುದ್ದು ಇನ್ನೊಂದಿಲ್ಲ. ಆದರೆ ಹಿಂದಿನ ಹಲ್ಲಿನಲ್ಲಿ ಅಲ್ಪಸ್ವಲ್ಪ ವಿಷವಿದೆ ಎಂಬ ಒಂದು ಸಾಲನ್ನು ನಾನು ಕೊನೆಯ ಪುಟದ ಕೊನೆಗೆ ಹಾಕಿದ್ದೆ. ಅಪ್ಪ ನೇರ ಕೊನೆಯ ಪುಟಕ್ಕೇ ಹೋಗಿ ಅದರ ಕೆಳಗೆ ಎರಡು ಗೆರೆ ಎಳೆದರು. ಮೂರನೆಯ ಸಲ ನಾನು ಜಾಣಳಾದೆ. ಆರು ಜಾತಿಗಳನ್ನು ಸಾಲಾಗಿ ಬರೆದು, ಬೆಳೆದಾಗ ಎಷ್ಟುದ್ದ, ಸ್ವಭಾವ ಹೇಗೆ, ಎಷ್ಟು ಬೆಚ್ಚಗಿರಬೇಕು, ಎಷ್ಟು ವರ್ಷ ಬದುಕುತ್ತದೆ, ನಾವು ಬೇಸಿಗೆ ರಜೆಗೆ ಮೈಸೂರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ ಎಂದೆಲ್ಲ ಹೋಲಿಸಿ ಕಾರ್ನ್ ಸ್ನೇಕ್ ಎಂಬ ಒಂದಕ್ಕೆ ಬಂದು ನಿಂತೆ. ಶಾಂತ, ಊಟಕ್ಕೆ ತಕರಾರಿಲ್ಲ, ಒಂದೂವರೆ ಮೀಟರಿಗಿಂತ ಉದ್ದ ಬೆಳೆಯುವುದು ಅಪರೂಪ. ಸಂದು ಸಿಕ್ಕರೆ ತಪ್ಪಿಸಿಕೊಳ್ಳುವುದೊಂದೇ ದುರಭ್ಯಾಸ, ಅದಕ್ಕೆ ಬೀಗದ ಮುಚ್ಚಳ. ಹದಿನೈದರಿಂದ ಇಪ್ಪತ್ತು ವರ್ಷ ಬದುಕುತ್ತದೆ ಎಂಬ ಕಡೆ ಅಪ್ಪ ಕೇಳಿದ್ದರು: 'ನಿನಗೆ ಮೂವತ್ತಾಗುವವರೆಗೆ ಇದು ಇರುತ್ತದೆ. ಕಾಲೇಜಿಗೆ ಹೋದಾಗ? ಕೆಲಸಕ್ಕೆ ಹೋದಾಗ? ಒಂದೊಂದು ಘಟ್ಟಕ್ಕೂ ಪ್ರತ್ಯೇಕವಾಗಿ ಬರಿ.' ನಾನು ಒಂದೊಂದು ಘಟ್ಟಕ್ಕೂ ಪ್ರತ್ಯೇಕವಾಗಿ ಬರೆದೆ. ಹದಿನಾಲ್ಕು ವರ್ಷದ ಹುಡುಗಿ ತನ್ನ ಮೂವತ್ತನೇ ವರ್ಷದವರೆಗಿನ ಬದುಕನ್ನು ಒಂದು ಹಾವನ್ನು ಜೊತೆಗಿಟ್ಟುಕೊಂಡು ಯೋಚಿಸಿದಳು. ಆ ಕೆಂಪು ಪೆನ್ನನ್ನು ನಾನು ಪ್ರೀತಿಸುತ್ತಿದ್ದೆ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಅಪ್ಪ ತಮ್ಮ ಟೀಮಿನವರ ಕಾಗದವನ್ನು ನೋಡುವಷ್ಟೇ ಗಂಭೀರವಾಗಿ ನನ್ನ ಕಾಗದವನ್ನೂ ನೋಡುತ್ತಿದ್ದಾರೆ ಎಂದು ಬೀಗುತ್ತಿದ್ದೆ.

ಅಮ್ಮನ ಚೌಕ ಕಷ್ಟದ್ದು. ಅವಳು ಮೈಸೂರಿನವಳು, ಶ್ರಾವಣದಲ್ಲಿ ನಾಗಪ್ಪನಿಗೆ ತನಿ ಎರೆಯದೆ ಅವಳಿಗೆ ನೀರು ಇಳಿಯುವುದಿಲ್ಲ. ನಗೋಯಾದಲ್ಲಿ ಹುತ್ತವೂ ಇಲ್ಲ, ನಾಗರಕಲ್ಲೂ ಇಲ್ಲ. ಒಂದು ಬೆರಳಿನಷ್ಟುದ್ದದ ಬೆಳ್ಳಿಯ ನಾಗಪ್ಪನನ್ನು ತಟ್ಟೆಯಲ್ಲಿಟ್ಟು ರಾತ್ರಿ ಹಗಲು ತೆರೆದಿರುವ ಕೊಂಬಿನಿ ಅಂಗಡಿಯಿಂದ ತಂದ ಹಾಲನ್ನು ಎರೆಯುತ್ತಿದ್ದಳು. ಪಂಚಮಿಯ ದಿನ ಒಲೆಯ ಮೇಲೆ ಬಾಣಲೆ ಇಲ್ಲ, ಕೈಯಲ್ಲಿ ಚಾಕು ಇಲ್ಲ. ತಂಬಿಟ್ಟು, ಚಿಗಳಿ, ಹಬೆಯಲ್ಲಿ ಬೆಂದ ಕಡುಬು. ಆ ವರ್ಷ ತನಿ ಎರೆಯುತ್ತ, ನನ್ನ ಕಡೆ ತಿರುಗದೆಯೇ, ಇದಕ್ಕೆ ನಾವು ಕೈ ಮುಗಿಯುತ್ತೇವೆ, ಡಬ್ಬದಲ್ಲಿ ಹಾಕಿ ಇಟ್ಟುಕೊಳ್ಳುವುದಿಲ್ಲ ಎಂದಳು. ವರ್ಷದ ಉಳಿದ ದಿನವೆಲ್ಲ ಆ ಬೆಳ್ಳಿಯ ನಾಗಪ್ಪ ಇರುವುದು ಸ್ಟೀಲಿನ ಕುಂಕುಮದ ಡಬ್ಬದಲ್ಲೇ ಅಲ್ಲವಾ ಎಂದೆ. ಅಮ್ಮನಿಗೆ ಸಿಟ್ಟು ಬರಬೇಕಿತ್ತು, ಆದರೆ ನಗು ಬಂತು, ಕೈಯಲ್ಲಿದ್ದ ಹಾಲು ತಟ್ಟೆಯಾಚೆ ಚೆಲ್ಲಿತು. ಅಲ್ಲಿಂದ ಮುಂದೆ ಅವಳು ಬೇಡ ಎನ್ನುವುದನ್ನು ಬಿಟ್ಟು ಹೇಗೆ ಎಂದು ಕೇಳತೊಡಗಿದಳು.

ಹೇಗೆ ಎನ್ನುವುದರಲ್ಲಿ ದೊಡ್ಡ ಜಗಳವೆಂದರೆ ಫ್ರೀಜರಿನದು. ಹಾವಿಗೆ ಊಟ ಇಲಿಮರಿ, ಹೆಪ್ಪುಗಟ್ಟಿಸಿ ಪ್ಯಾಕೆಟ್ಟಿನಲ್ಲಿ ಮಾರುವಂಥದ್ದು. ವಾರಕ್ಕೆ ಒಂದು ತೆಗೆದು ಬೆಚ್ಚಗಿನ ನೀರಿನಲ್ಲಿ ಕರಗಿಸಿ ಕೊಡಬೇಕು. ನಮ್ಮದು ಮೊಟ್ಟೆಯೂ ಬಾರದ ಮನೆ. ಫ್ರೀಜರಿನ ಮೂರು ಖಾನೆಗಳಲ್ಲಿ ಅಮ್ಮನ ಇಡೀ ಸಂಸಾರವಿತ್ತು: ತುರಿದ ಕಾಯಿ, ಊರಿಂದ ಬಂದವರು ತಂದುಕೊಟ್ಟ ಕರಿಬೇವು, ಜೀವಕ್ಕಿಂತ ಹೆಚ್ಚಾಗಿ ಕಾಪಾಡುತ್ತಿದ್ದ ಹಿದುಕಿದ ಅವರೆಬೇಳೆ.

"ನನ್ನ ಅವರೆಬೇಳೆ ಪಕ್ಕದಲ್ಲಿ ಇಲಿ ಮಲಗಿಸ್ತೀಯಾ? ಗಣಪತಿ ವಾಹನ ಕಣೇ ಅದು."

"ಗಣಪತಿ ಹೊಟ್ಟೆಗೆ ಸುತ್ಕೊಂಡಿರೋದು ಏನಮ್ಮಾ ಮತ್ತೆ? ಅದೂ ಹುಳಾನೇ ತಾನೆ?"

ಮೂರು ವಾರ ನಡೆಯಿತು ಆ ಜಗಳ. ಅಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು, ನಾನು ಒಂದು ದಿನ ಊಟ ಬಿಟ್ಟೆ. ಕೊನೆಗೆ ಒಪ್ಪಂದವಾಯಿತು. ಕೆಳಗಿನ ಖಾನೆಯ ಬಲಮೂಲೆ ಹಾವಿಗೆ. ಪ್ಯಾಕೆಟ್ಟು ಒಂದು ತಗಡಿನ ಡಬ್ಬದಲ್ಲಿ, ಡಬ್ಬಕ್ಕೆ ಸುತ್ತ ಟೇಪು. ಕರಗಿಸುವ ಲೋಟ ಅಡುಗೆಮನೆಗೆ ಕಾಲಿಡುವಂತಿಲ್ಲ, ಬಚ್ಚಲಿನಲ್ಲೇ ಇರಬೇಕು. ಏಕಾದಶಿ, ಸಂಕಷ್ಟಿಯಂದು ಊಟ ಕೊಡುವಂತಿಲ್ಲ. ಆ ಮನೆಯಲ್ಲಿರುವ ಮೇಲೆ ಹುಳವೂ ಉಪವಾಸ ಮಾಡಲಿ. ಅಮ್ಮ ಸ್ವತಃ ಮೊಣಕಾಲೂರಿ ಕೂತು ಖಾನೆ ಖಾಲಿ ಮಾಡಿ, ಬಿಸಿನೀರಿನಲ್ಲಿ ಒರೆಸಿ, ಅವರೆಬೇಳೆಯನ್ನು ಮೇಲಕ್ಕೆ ಏರಿಸಿದಳು. ಡಬ್ಬದ ಮೇಲೆ ಅಂಟಿಸಲು 'ಮುಟ್ಟಬೇಡಿ' ಎಂದು ಚೀಟಿ ಬರೆದವಳೂ ಅವಳೇ. ಆ ಮನೆಯಲ್ಲಿ ಆ ಚೀಟಿ ಓದಬಲ್ಲವರು ನಾವು ಮೂವರೇ ಎಂದು ನಾನು ನಕ್ಕೆ, ಅವಳು ನಗಲಿಲ್ಲ.

ಹಾವು ಮಾರುವ ಅಂಗಡಿಯ ನಿಶಿನೊ-ಸಾನ್ ಈ ಒಪ್ಪಂದ ಕೇಳಿ ಬಹಳ ಹೊತ್ತು ಯೋಚಿಸಿ, ಹಾವಿಗೆ ಉಪವಾಸದಿಂದ ತೊಂದರೆ ಇಲ್ಲ, ನಿಮ್ಮ ತಾಯಿಗೆ ಹಾವಿನ ಸ್ವಭಾವ ಗೊತ್ತಿದೆ ಎಂದರು. ಸಬ್‌ವೇಯಲ್ಲಿ ಐದು ಸ್ಟೇಷನ್ ಆಚೆ, ಹಳೆಯ ಅಂಗಡಿ ಸಾಲಿನ ಕೊನೆಯಲ್ಲಿ ಅವರ ಅಂಗಡಿ. ಹೊಳೆಯುವ ಬೋರ್ಡಿಲ್ಲ; ಒಳಗೆ ಮೂರು ಗೋಡೆಗೂ ಗಾಜಿನ ಪೆಟ್ಟಿಗೆಗಳು, ಸದಾ ಬೆಚ್ಚಗೆ, ಮರದ ಹೊಟ್ಟಿನ ವಾಸನೆ. ಅರವತ್ತು ದಾಟಿದ ಅವರು ಗಿರಾಕಿಗಳಿಗೆ ಮಾರುವುದಕ್ಕಿಂತ ಮಾರದೇ ಇರುವುದಕ್ಕೆ ಹೆಚ್ಚು ಸಮಯ ಕಳೆಯುತ್ತಿದ್ದರು. ಹದಿನೆಂಟು ತುಂಬದವರಿಗೆ ತಂದೆಯೋ ತಾಯಿಯೋ ಎದುರು ಕೂತು ವಿವರಣೆ ಕೇಳಿ ಸಹಿ ಹಾಕದೆ ಕೊಡುವುದಿಲ್ಲ ಎಂದು ಮೊದಲ ದಿನವೇ ಹೇಳಿದ್ದರು. ಅಲ್ಲಿಯವರೆಗೆ ನೋಡು, ನೋಡುವುದಕ್ಕೆ ಸಹಿ ಬೇಡ.

ಶರತ್ಕಾಲಕ್ಕೆ ಆ ಬೇಸಿಗೆಯ ಮರಿಗಳು ಬಂದವು. ಒಂದೊಂದೂ ಪೆನ್ಸಿಲ್ಲಿನಷ್ಟು ಸಣ್ಣ, ಒಂದೊಂದಕ್ಕೂ ಒಂದು ಪ್ಲಾಸ್ಟಿಕ್ ಡಬ್ಬಿ. ಅಚ್ಚ ಬಿಳಿಯವು, ಗುಲಾಬಿಯವು, ಹಳದಿಯವು ಇದ್ದವು. ನೋಡಲು ಬಂದವರೆಲ್ಲ ಅವುಗಳ ಮುಂದೆ ನಿಲ್ಲುತ್ತಿದ್ದರು. ಬಣ್ಣಕ್ಕೆ ಮರುಳಾಗಬೇಡ ಎಂದು ನಿಶಿನೊ-ಸಾನ್ ನನಗೆ ನೋಡುವುದನ್ನು ಕಲಿಸಿದರು. ಕಣ್ಣು ತಿಳಿಯಾಗಿದೆಯೇ, ಹೊಟ್ಟೆಯ ಮೇಲೆ ಸುಕ್ಕಿದೆಯೇ, ಬಾಲದ ತುದಿಯಲ್ಲಿ ಹಳೆ ಪೊರೆ ಉಳಿದಿದೆಯೇ, ಡಬ್ಬಿ ತೆರೆದಾಗ ನಾಲಿಗೆ ಹೊರಗೆ ಬರುತ್ತದೆಯೇ. ನನ್ನ ಮನಸ್ಸು ಹೋದದ್ದು ಮೂಲೆಯಲ್ಲಿ ಮುದುರಿ ಕೂತಿದ್ದ ಒಂದು ಸಣ್ಣದರ ಮೇಲೆ. ಅದು ಹುಟ್ಟಿದಾಗಿನಿಂದ ಏನೂ ತಿಂದಿರಲಿಲ್ಲ. ಪಾಪ ಅನ್ನಿಸಿ ಅದನ್ನೇ ಕೊಡಿ ಎಂದೆ. ಅವರು ತಲೆಯಾಡಿಸಿದರು. ಮೊದಲ ಹಾವನ್ನು ಯಾರೂ ಪಾಪ ಎಂದು ಆರಿಸಬಾರದು, ಪಾಪ ಅನ್ನಿಸುವುದು ಒಂದು ತಿಂಗಳು, ಹಾವು ಇರುವುದು ಇಪ್ಪತ್ತು ವರ್ಷ ಎಂದರು. ಕೊನೆಗೆ ನಾನು ಆರಿಸಿದ್ದು ಯಾರೂ ತಿರುಗಿ ನೋಡದಿದ್ದ ಸಾದಾ ಬಣ್ಣದ್ದನ್ನು: ಬೂದು ಮೈ, ಇಟ್ಟಿಗೆ ಬಣ್ಣದ ಮಚ್ಚೆ, ನೆತ್ತಿಯ ಮೇಲೆ ಬಾಣದ ಮೊನೆಯಂಥ ಗುರುತು. ಡಬ್ಬಿ ತೆರೆದ ತಕ್ಷಣ ತಲೆಯೆತ್ತಿ ನೋಡುತ್ತಿತ್ತು. ಐದು ಸಲ ಬಿಡದೆ ಊಟ ಮಾಡಿದ ಮೇಲೆ ಕೊಡುತ್ತೇನೆ, ಅಲ್ಲಿಯವರೆಗೆ ಮುಟ್ಟುವಂತಿಲ್ಲ ಎಂದು ಡಬ್ಬಿಯ ಮೇಲೆ ನನ್ನ ಹೆಸರು ಬರೆದರು. ಪ್ರತಿ ಶನಿವಾರ ಹೋಗಿ ಗಾಜಿನ ಈಚೆ ಕೂರುತ್ತಿದ್ದೆ. ಅದು ಮೂರನೇ ಸಲ ತಿಂದ ದಿನ ಅಮ್ಮ ತನ್ನ ಚೌಕದಲ್ಲಿ ಮೊಹರು ಒತ್ತಿದಳು, ಸ್ವಲ್ಪ ಸೊಟ್ಟಗೆ. ಎಲ್ಲ ಐದೂ ಆಗಲಿ, ಆಮೇಲೆ ನನ್ನದು ಎಂದರು ಅಪ್ಪ. ನನ್ನ ಗೋಡೆಬೀರಿನ ಕೆಳಗೆ ಖಾಲಿ ಪೆಟ್ಟಿಗೆ, ಬೆಚ್ಚಗಿಡುವ ಚಾಪೆ, ನೀರಿನ ಬಟ್ಟಲು ಸಿದ್ಧವಾಗಿದ್ದವು. ಶಾಲೆಯಿಂದ ಬಂದ ಕೂಡಲೇ ಬಾಗಿಲು ಸರಿಸಿ ಒಳಗಿನ ಬಿಸಿ ಎಷ್ಟಿದೆ ಎಂದು ನೋಡಿ ಬರೆದಿಡುತ್ತಿದ್ದೆ. ಅಷ್ಟು ಸಂತೋಷವಾಗಿ ನಾನು ಆ ಮೊದಲು ಇರಲಿಲ್ಲ, ಆಮೇಲೆ ಇದ್ದೇನೋ ಇಲ್ಲವೋ ಖಚಿತವಾಗಿ ಹೇಳಲಾರೆ.

ನವೆಂಬರಿನ ಒಂದು ಶುಕ್ರವಾರ ನಮ್ಮ ಕ್ಲಾಸ್ ಟೀಚರ್ ನನ್ನ ಕೈಗೆ ಒಂದು ಕಂದು ಲಕೋಟೆ ಕೊಟ್ಟು ಮನೆಯಲ್ಲಿ ಕೊಡು ಎಂದರು. ಇಲ್ಲಿ ನಮ್ಮ ಮನೆಯ ಇನ್ನೊಂದು ಪದ್ಧತಿಯನ್ನು ಹೇಳಬೇಕು. ಅಪ್ಪ ಜಪಾನೀ ಮಾತಾಡುತ್ತಿದ್ದರು, ಓದಲು ಬರುತ್ತಿರಲಿಲ್ಲ. ಅಮ್ಮನಿಗೆ ಕ್ಷಮಿಸಿ ಎನ್ನುವ ಸುಮಿಮಾಸೆನ್, ಥ್ಯಾಂಕ್ಸ್ ಎನ್ನುವ ಅರಿಗಾತೋ ಬಿಟ್ಟರೆ ಎರಡೂ ಇಲ್ಲ. ಕಸ ಯಾವ ದಿನ ಹಾಕಬೇಕು, ನೀರು ಯಾವಾಗ ನಿಲ್ಲುತ್ತದೆ, ಶಾಲೆಗೆ ಏನು ತರಬೇಕು, ಮನೆಗೆ ಬರುವ ಪ್ರತಿ ಕಾಗದವನ್ನೂ ಅಲ್ಲಿನ ಅಕ್ಷರ ಕಲಿತಾಗಿನಿಂದ ಓದಿ ಹೇಳುತ್ತಿದ್ದವಳು ನಾನು. ಯಾರ ಹೆಸರಿಗೆ ಬಂದರೂ ಒಡೆಯುವುದು ನಾನೇ. ಹೀಗಿರುವಾಗ ಅಪ್ಪ ಶಾಲೆಗೆ ಫೋನ್ ಮಾಡಿ ಗುಟ್ಟಾಗಿ ವಿಚಾರಿಸಿದ್ದರು, ಉತ್ತರ ಕಾಗದದಲ್ಲಿ ಬರುತ್ತದೆ ಎಂಬುದನ್ನು ಮರೆತಿದ್ದರು. ಮೆಟ್ಟಿಲು ಹತ್ತುತ್ತ ಲಕೋಟೆ ಹರಿದೆ. ತಾವು ಫೋನಿನಲ್ಲಿ ತಿಳಿಸಿದಂತೆ ಮಾರ್ಚ್ ಕೊನೆಗೆ ನಿಮ್ಮ ಮಗಳು ಭಾರತಕ್ಕೆ ಹಿಂದಿರುಗಲಿರುವುದರಿಂದ, ಶಾಲೆ ಬಿಡುವ ಪತ್ರಕ್ಕೆ ಈ ಕೆಳಗಿನವುಗಳನ್ನು ತುಂಬಿ ಕಳಿಸಬೇಕು ಎಂದಿತ್ತು. ಮೂರನೇ ಮಹಡಿಯಲ್ಲಿ ನಿಂತು ಇನ್ನೊಂದು ಸಲ ಓದಿದೆ. ಹೆಸರು ನನ್ನದೇ ಇತ್ತು.

ಅಮ್ಮ ಚಪಾತಿ ಲಟ್ಟಿಸುತ್ತಿದ್ದಳು. ನಾನು ಕಾಗದವನ್ನು ಊಟದ ಮೇಜಿನ ಮೇಲೆ, ನನ್ನ ರಿಂಗಿಯ ಫೈಲಿನ ಪಕ್ಕದಲ್ಲಿಟ್ಟು ಕೂತೆ. ಅಕ್ಷರ ಬಾರದಿದ್ದರೂ ಅಮ್ಮನಿಗೆ ಲಕೋಟೆ ನೋಡಿಯೇ ಗೊತ್ತಾಯಿತು; ಒಲೆ ಆರಿಸಿದಳು. ಅಪ್ಪ ಬಂದು ಶೂ ಬಿಚ್ಚುತ್ತಿದ್ದಾಗಲೇ ನಾನು ಅದನ್ನು ಗಟ್ಟಿಯಾಗಿ ಕನ್ನಡದಲ್ಲಿ ಓದಿ ಹೇಳಿದೆ, ನೀರು ನಿಲ್ಲುವ ನೋಟಿಸನ್ನು ಓದಿ ಹೇಳುವ ಹಾಗೆ. ಅಪ್ಪ ಶೂಗಳನ್ನು ಜೋಡಿಸಿಟ್ಟು ಬಂದು ಎದುರು ಕೂತರು. ಯಾವಾಗ ಗೊತ್ತಾಯಿತು ಎಂದು ಕೇಳಿದೆ. ಕಂಪನಿಯವರು ಜನವರಿಯಲ್ಲೇ ಹೇಳಿದ್ದರು, ಮುಂದಿನ ವರ್ಷದ ಮಾರ್ಚಿಗೆ ಟೀಮು ಮುಚ್ಚುತ್ತದೆ ಎಂದರು. ನಾನು ಮೊದಲ ಸಲ ಹಾವಿನ ಮಾತೆತ್ತಿದ್ದು ವಸಂತದಲ್ಲಿ. ಅಂದರೆ ಮೊದಲ ಕೆಂಪು ಗೆರೆ ಎಳೆಯುವ ಮುಂಚೆಯೇ ಇಬ್ಬರಿಗೂ ಗೊತ್ತಿತ್ತು.

"ಮತ್ತೆ ರಿಂಗಿ ಬರಿ ಅಂದಿದ್ದು ಯಾಕಪ್ಪಾ?"

"ನೀನೇ ಬೇಜಾರಾಗಿ ಬಿಟ್ಬಿಡ್ತೀಯ ಅನ್ಕೊಂಡೆ ಕಣಮ್ಮ. ಎರಡು ಸಲ ರಿಜೆಕ್ಟ್ ಮಾಡಿದ್ರೆ ಯಾರಾದ್ರೂ ಬಿಡ್ತಾರೆ. ನೀನು ಬಿಡ್ಲಿಲ್ಲ."

ಆಮೇಲೆ ಅವರು ಇನ್ನೂ ಏನೇನೋ ಹೇಳಿದರು. ಮೊದಲೇ ಹೇಳಿದ್ದರೆ ಇಡೀ ವರ್ಷ ಮುಖ ಊದಿಸಿಕೊಂಡಿರುತ್ತಿದ್ದೆ, ಓದು ಹಾಳಾಗುತ್ತಿತ್ತು. ಆ ಫೈಲು ಹಿಡಿದುಕೊಂಡು ಎಷ್ಟು ಖುಷಿಯಾಗಿದ್ದೆ, ಎಷ್ಟು ಕಲಿತೆ, ತಮ್ಮ ಟೀಮಿನಲ್ಲೂ ಅಷ್ಟು ಚೆನ್ನಾಗಿ ಬರೆಯುವವರಿಲ್ಲ.  ಮೂವತ್ತನೇ ವಯಸ್ಸಿನವರೆಗೆ ಒಂದೊಂದು ಘಟ್ಟಕ್ಕೂ ಪ್ರತ್ಯೇಕವಾಗಿ ಬರಿ ಎಂದಿದ್ದರಲ್ಲ, ಅದನ್ನು ಬರೆಯುತ್ತಿದ್ದ ಹುಡುಗಿಯನ್ನು ಅವರು ಪಕ್ಕದ ಕೋಣೆಯಿಂದ ನೋಡುತ್ತಿದ್ದರು, ಹಾವು ಬಂದರೂ ಒಂದು ವರ್ಷ ಕೂಡ ಇರುವುದಿಲ್ಲ ಎಂದು ಗೊತ್ತಿದ್ದೂ. ಅವರ ಕೆಂಪು ಗೆರೆಗಳು ತಿದ್ದುವ ಗೆರೆಗಳಾಗಿರಲಿಲ್ಲ, ನನ್ನನ್ನು ದಣಿಸುವ ಗೆರೆಗಳಾಗಿದ್ದವು. ಆದರೂ ಅಪ್ಪನ ಮೋಸವನ್ನು ಅವತ್ತು ಹೇಗೋ ನುಂಗಿಕೊಳ್ಳುತ್ತಿದ್ದೆನೇನೋ. ನಾನು ಅಮ್ಮನ ಕಡೆ ತಿರುಗಿದೆ. ಅವಳು ಮೊಣಕಾಲೂರಿ ಒರೆಸಿದ ಆ ಖಾನೆ, ಮೂರು ವಾರದ ಜಗಳ, ಮಾತು ಬಿಟ್ಟ ಎರಡು ದಿನ, ಇವೆಲ್ಲ ಏನು ಎಂದು ಕೇಳಿದೆ. ಇಲಿ ಬರುವುದೇ ಇಲ್ಲ ಎಂದು ಗೊತ್ತಿದ್ದ ಮೇಲೆ ಫ್ರೀಜರಿಗಾಗಿ ಯಾಕೆ ಹಾಗೆ ಹೊಡೆದಾಡಿದೆ? ಅಮ್ಮ ಕೈಗಂಟಿದ ಹಿಟ್ಟನ್ನು ಉಜ್ಜುತ್ತ ನಿಂತಿದ್ದಳು.

"ಜಗಳ ಆಡ್ದೇ ಒಪ್ಕೊಂಡಿದ್ರೆ ನಿಂಗೆ ಡೌಟ್ ಬರ್ತಿತ್ತಲ್ಲ ಪುಟ್ಟಿ."

ಅವಳು ಅದನ್ನು ಕ್ರೂರವಾಗಿ ಹೇಳಲಿಲ್ಲ. ಬಹಳ ಮೃದುವಾಗಿ, ನಿನಗೋಸ್ಕರವೇ ಎನ್ನುವ ಹಾಗೆ ಹೇಳಿದಳು, ಅದಕ್ಕೇ ಇವತ್ತಿಗೂ ಕ್ಷಮಿಸಲು ಆಗಿಲ್ಲ. ಸುಳ್ಳು ಹೇಳಿದರೆ ಒಂದು ದಿನ ಮರೆಯಬಹುದು. ನನ್ನ ಜೊತೆ ಸಮಕ್ಕೆ ಸಮ ನಿಂತು ಜಗಳವಾಡಿದ್ದಾರೆ ಎಂದುಕೊಂಡ ದಿನಗಳೇ ನಾಟಕವೆಂದಾದರೆ, ಆ ಮನೆಯಲ್ಲಿ ನಿಜವಾಗಿ ನಡೆದದ್ದು ಯಾವುದು ಎಂದು ಹುಡುಕುತ್ತ ಕೂರಬೇಕಾಗುತ್ತದೆ. ನಾನು ಹಾಗೆ ಹುಡುಕುವವಳಾಗಿಬಿಟ್ಟೆ. ಇವತ್ತು ಆಫೀಸಿನಲ್ಲಿ ಯಾರಾದರೂ ನನ್ನ ಮಾತಿಗೆ ಬೇಗ ಒಪ್ಪಿದರೆ ಅನುಮಾನ, ಹೋರಾಡಿ ಒಪ್ಪಿದರೆ ಇನ್ನೂ ಹೆಚ್ಚು ಅನುಮಾನ. ಅಪ್ಪ ಅಮ್ಮ ಮಾತ್ರ ಈಗ ಮದುವೆ ಮನೆಗಳಲ್ಲಿ, ನಮ್ಮ ಅನು ಜಪಾನಿನಲ್ಲಿ ಮನೆಗೆ ಹಾವು ತರಲಿಕ್ಕೆ ಹೊರಟಿದ್ದಳು ಗೊತ್ತಾ ಎಂದು ಶುರುಮಾಡುತ್ತಾರೆ. ಕೇಳುವವರು ನಗುತ್ತಾರೆ, ನಾನು ಎದ್ದು ಹೋಗಿ ಪಾನಕದ ಸಾಲಿನಲ್ಲಿ ನಿಲ್ಲುತ್ತೇನೆ.

ಮರುದಿನ ಶನಿವಾರ. ಎದ್ದಾಗ ರಿಂಗಿಯ ಮೂರನೇ ಚೌಕದಲ್ಲಿ ಅಪ್ಪನ ಮೊಹರು ಬಿದ್ದಿತ್ತು, ಅಚ್ಚುಕಟ್ಟಾಗಿ, ನಟ್ಟನಡುವೆ. ಹೊರಡು, ಇವತ್ತೇ ತರೋಣ ಎಂದರು. ಮಾರ್ಚಿನಲ್ಲಿ ಅಂಗಡಿಯವರಿಗೇ ವಾಪಸು ಕೊಟ್ಟರಾಯಿತು, ನಾಲ್ಕು ತಿಂಗಳಾದರೂ ನಿನ್ನ ಹತ್ತಿರ ಇರಲಿ, ಬೆಂಗಳೂರಿಗಂತೂ ಒಯ್ಯಲಾಗುವುದಿಲ್ಲ. ಎಂಟು ತಿಂಗಳು ಸಿಗದ ಮೊಹರು ಒಂದು ಬೆಳಗಿನಲ್ಲಿ ಸಿಕ್ಕಿತ್ತು. ನಾನು ಬೇಡ ಎನ್ನಲಿಲ್ಲ. ಆ ಹಾವನ್ನು ಕೈಯಲ್ಲಿ ಹಿಡಿಯಬೇಕು ಎನ್ನುವ ಆಸೆ ಅಷ್ಟಿತ್ತು. 

ಐದನೇ ಊಟ ಗುರುವಾರವೇ ಆಗಿತ್ತು. ನಿಶಿನೊ-ಸಾನ್ ಕೈ ತೊಳೆದು ಬಾ ಎಂದು, ಡಬ್ಬಿ ತೆರೆದು, ಮೊದಲ ಸಲ ಅದನ್ನು ನನ್ನ ಅಂಗೈಗೆ ಬಿಟ್ಟರು. ಭಾರವೇ ಇರಲಿಲ್ಲ. ಬೆರಳುಗಳ ನಡುವೆ ನುಸುಳಿ ಮಣಿಕಟ್ಟಿನ ಹತ್ತಿರ ಹೋಗಿ ನಿಂತು ನಾಲಿಗೆ ಚಾಚಿತು. ಒಂದು ಅರ್ಧ ಗಂಟೆ ಅದು ನನ್ನ ಕೈಯಲ್ಲಿತ್ತು, ಅಷ್ಟು ಹೊತ್ತು ಅವರು ನಿಯಮದ ಪ್ರಕಾರ ಅಪ್ಪನನ್ನು ಎದುರು ಕೂರಿಸಿಕೊಂಡು ನನಗೆ ಬಾಯಿಪಾಠವಾಗಿದ್ದ ಎಲ್ಲವನ್ನೂ ನಿಧಾನವಾಗಿ ವಿವರಿಸಿದರು. ಕೊನೆಯಲ್ಲಿ, ಇದು ಇಪ್ಪತ್ತು ವರ್ಷ ಬದುಕಬಹುದು, ಅಷ್ಟೂ ದಿನ ಮನೆಯಲ್ಲಿ ನೋಡಿಕೊಳ್ಳುವಿರಾ ಎಂದು ಕೇಳಿದರು. ಅಪ್ಪ ಸ್ವಲ್ಪವೂ ತಡವರಿಸದೆ, ನಗುಮುಖದಲ್ಲಿ, ತಲೆ ಬಾಗಿಸಿ, ಖಂಡಿತ ನೋಡಿಕೊಳ್ಳುತ್ತೇವೆ ಎಂದರು. ಸಹಿಯನ್ನೂ ಹಾಕಿದರು. ಅದೇ ದನಿ, ಅದೇ ಸಮಾಧಾನ. ಪೇಪರ್ ಮೇಲೆ ಬರಲಿ, ನೋಡೋಣ ಎಂದಾಗಲೂ ಅವರ ಮುಖ ಹೀಗೇ ಇದ್ದಿರಬೇಕು ಎಂದು ಆಗ ಕಂಡಿತು. ನಿಶಿನೊ-ಸಾನ್ ಆ ಮುಖವನ್ನು ನಂಬಿ, ಫಾರಂ ಅನ್ನು ನನ್ನ ಕಡೆ ತಿರುಗಿಸಿ, ನನ್ನ ಹೆಸರಿಗೆ ಬಿಟ್ಟಿದ್ದ ಜಾಗ ತೋರಿಸಿದರು.

ನಾನು ಹಾವನ್ನು ಮಣಿಕಟ್ಟಿನಿಂದ ಬಿಡಿಸಿ ಡಬ್ಬಿಗೆ ಇಳಿಸಿದೆ. ಅದು ಸುಲಭವಾಗಿ ಬಿಡಲಿಲ್ಲ, ಹೆಬ್ಬೆರಳಿಗೆ ಬಾಲ ಸುತ್ತಿಕೊಂಡಿತ್ತು. ಮುಚ್ಚಳ ಹಾಕಿ, ಪೆನ್ನನ್ನು ಮುಟ್ಟದೆ, ಇದನ್ನು ಬೇರೆ ಯಾರಿಗಾದರೂ ಕೊಡಿ ಎಂದೆ. ನಿಶಿನೊ-ಸಾನ್ ನನ್ನನ್ನೂ ಅಪ್ಪನನ್ನೂ ನೋಡಿದರು. ಮನೆಯಲ್ಲಿ ಯಾರಾದರೂ ಬೇಡ ಅಂದರಾ, ಹಾಗಿದ್ದರೆ ಅವಸರವಿಲ್ಲ, ಒಂದು ವರ್ಷ ಬೇಕಾದರೂ ಇಟ್ಟುಕೊಂಡಿರುತ್ತೇನೆ ಎಂದು ಮೆಲ್ಲಗೆ ಕೇಳಿದರು.

"ಇಲ್ಲ. ಮನೆಯಲ್ಲಿ ಎಲ್ಲರೂ ಒಪ್ಪಿದ್ದಾರೆ. ನಾನು ಒಪ್ಪಿಲ್ಲ."

ಅದನ್ನು ಜಪಾನೀ ಭಾಷೆಯಲ್ಲೇ ಹೇಳಿದೆ. ಅಪ್ಪನಿಗೆ ಅರ್ಥವಾಗುವಷ್ಟು ಜಪಾನೀ ಬರುತ್ತಿತ್ತು.